ಭೋಂಗಾ ದಿಗಂಬರನ ಗಂಟಲು

ಹದಿಮೂರು ನಿಮಿಷ ಸಾಕು ಅಂದಿದ್ದರು.
ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ,
ಕಿಟಕಿಗೆ ಗಾದಿ ಒತ್ತಿ
ಕೂರಿಸಿದೆ ದಿಗಂಬರ ಪೆಡ್ನೇಕರನನ್ನು.
ಕೆಳಗೆ ಮಂಜುಗಡ್ಡೆ ಪುಡಿಮಾಡುವ ಯಂತ್ರ
ನಿಂತಾಗ ಮಾತ್ರ ರೆಕಾರ್ಡು.

'ಏನು ಓದಲಿ?'
'ಏನಾದರೂ.'
ಜೇಬಿನಿಂದ ಕರೆಂಟು ಬಿಲ್ಲು ತೆಗೆದು ಓದಿದ,
ಕ್ಯಾಲೆಂಡರಿನ ತಿಥಿ ನಕ್ಷತ್ರ ಓದಿದ,
ಇನ್ನೂ ಎರಡು ನಿಮಿಷ ಉಳಿದವೆಂದು
ಹುಬ್ಬಳ್ಳಿ ಬಸ್ಸು ನಿಲ್ಲುವ ಊರುಗಳನ್ನೆಲ್ಲ
ಒಂದೂ ಬಿಡದೆ ಹೇಳಿದ.
ಎರಡು ಸಾವಿರ ಕೊಟ್ಟೆ. 'ಇಷ್ಟಕ್ಕೇ?' ಅಂತ ನಕ್ಕ.

ಮೂವತ್ತೊಂದು ವರ್ಷ ಆ ಗಂಟಲು ಎಲ್ಲ ಪಕ್ಷದ್ದೂ.
ಬೆಳಿಗ್ಗೆ ಇವರಿಗೆ, ಮಧ್ಯಾಹ್ನ ಅವರಿಗೆ,
ನಡುವೆ ಕೋಡಿಬಾಗದ ಗೂಡಂಗಡಿಯಲ್ಲೊಂದು ಸೋಡಾ,
ಆಟೋಕ್ಕೆ ಬೇರೆ ಬ್ಯಾನರು.
ಮತ ಯಾರಿಗೋ, ಹೆಂಡತಿಗೂ ಗೊತ್ತಿಲ್ಲ.
ಅದರ ಹಿಂದೆ ಓಡಿದವನು ನಾನೂ, ಚೀಟಿಗಾಗಿ.
ಗೆದ್ದವರದ್ದು ಸೋತವರದ್ದು ಸೇರಿಸಿ ದೋಣಿ ಮಾಡಿ
ಕಾಳಿ ನದಿಗೆ ಬಿಡುತ್ತಿದ್ದೆವು.

ಈಗ ನನ್ನ ಮೇಜಿನ ಮೇಲೆ ಹದಿನಾರು ಫೋನು.
ಮಾಜಾಳಿ ಮಿತ್ರರು, ಚೆಂಡಿಯಾ ತಾಯಂದಿರು,
ಬಂದರು ಯುವಕರು. ಆ ಗುಂಪಿನ ಅರ್ಧ ಯುವಕರು
ನಾನೇ.
ಈ ಓಣಿಗೆ ಒಂದು ಮಾತು, ಆಚೆ ಓಣಿಗೆ ಅದರ ತಿರುವು,
ಅವರಿಗೆ ಹೇಳಿದ್ದು ಇವರಿಗೆ ಕೇಳಿಸದು.
ಭೋಂಗಾದಲ್ಲಿ ಹೀಗೆ ನಡೆಯುತ್ತಿರಲಿಲ್ಲ ನೋಡಿ.
ಸುಳ್ಳಾದರೂ ಇಡೀ ಬೀದಿಗೆ ಒಂದೇ ಸುಳ್ಳು,
ಎದುರು ಮನೆಯವ ಜಗುಲಿಗೆ ಬಂದು
ಜಗಳಾಡಬಹುದಿತ್ತು.

ಭಾನುವಾರ ಹತ್ತು ಗಂಟೆಗೆ ಬಟನ್ ಒತ್ತಿದೆ.
ಇಪ್ಪತ್ತೆರಡು ಸಾವಿರ ಮನೆಯಲ್ಲಿ ಒಟ್ಟಿಗೇ ದಿಗಂಬರ.
ಮೀನು ಹೆಚ್ಚುವವಳನ್ನು, ಬಲೆ ಹೊಲಿಯುವವನನ್ನು,
ನೌಕಾನೆಲೆಗೆ ಜಾಗ ಬಿಟ್ಟು ಬಂದವರನ್ನು
ಹೆಸರು ಹಿಡಿದು ಕರೆದ.
ಕೆಮ್ಮಿಲ್ಲ, ಉಸಿರಿಲ್ಲ.
ಮಾಜಾಳಿಯನ್ನು ಮಜಲಿ ಅಂದ.

ಅವನಿಗೂ ಹೋಯಿತು.
ಪಟ್ಟಿಯಿಂದ ಆ ನಂಬರು ತೆಗೆಯಲು ಮರೆತಿದ್ದೆ.
'ನಮಸ್ಕಾರ ದಿಗಂಬರ್ ಅವರೇ' ಅಂತ ಅವನೇ ಅವನಿಗೆ.
ಹೆಂಡತಿ ಆಮೇಲೆ ಹೇಳಿದಳು:
ಗಂಜಿ ಆರುವವರೆಗೂ ಫೋನು ಕಿವಿಗೇ,
ಕೊನೆಗೆ 'ಹ್ಞಾಂ, ಆಯ್ತು' ಅಂದು ಇಟ್ಟರು.

ಸಂಜೆ ಏಣಿ ಹತ್ತಿ ಬಂದ. ಹಣ ಕೇಳಲು ಅಂದುಕೊಂಡೆ.
'ಯಶವಂತ ಹರಿಕಂತ್ರನ ಮನೆಗೂ ಹೋಗಿತ್ತಂತೆ.'
ಬೋಟಿನಿಂದ ಬಿದ್ದವನು. ಇವತ್ತಿಗೆ ಒಂಬತ್ತು ದಿನ.
ಅವನ ಫೋನು ದೇವರ ಗೂಡಿನ ಪಕ್ಕ ಚಾರ್ಜಿಗಿತ್ತು,
ಯಾಕೆ ಇಟ್ಟಿದ್ದರೋ ಅವರಿಗೂ ತಿಳಿಯದು.
ರಿಂಗಾಯಿತು. ಸುಲಭಾ ಎತ್ತಿದಳು.
ಯಶವಂತ್ ಅವರೇ, ಚೆನ್ನಾಗಿದ್ದೀರಾ?

'ಸಾವಿನ ಮನೆ ಬಂದರೆ ಮೈಕು ಆರಿಸುತ್ತಿದ್ದೆ ನಾನು,
ಹತ್ತು ಮಾರು ಮೊದಲೇ.
ಯಾರೂ ಹೇಳಿಕೊಟ್ಟಿದ್ದಲ್ಲ.
ಅಂಗಳದಲ್ಲಿ ಚಪ್ಪಲಿ ಜಾಸ್ತಿ ಕಂಡರೆ ಗೊತ್ತಾಗುತ್ತದೆ.'

ಮತದಾರರ ಪಟ್ಟಿ ಹಳೆಯದು, ತಪ್ಪು ನನ್ನದಲ್ಲ ಅಂದೆ.
ಅದು ನಿಜವೂ ಹೌದು.

ಹದಿನಾರೂ ಫೋನು ನೋಡಿದ.
'ಯಾವುದರಲ್ಲಿದೆ ಅದು?'
'ಇದರಲ್ಲಿಲ್ಲ. ಎಲ್ಲೋ ದೂರದಲ್ಲಿ.'
'ಅಳಿಸಬಹುದಾ?'
ಕೆಳಗೆ ಯಂತ್ರ ಶುರುವಾಯಿತು.
ನನ್ನ ಉತ್ತರ ಅವನಿಗೆ ಕೇಳಿಸಲಿಲ್ಲ,
ಕೇಳಿಸಿತೆಂಬಂತೆ ತಲೆಯಾಡಿಸಿದ.

ಆಮೇಲೆ ಕಂಡದ್ದು ಮೀನು ಪೇಟೆಯಲ್ಲಿ.
ಬಂಗಡೆ ತೋರಿಸಿ, ಬೆರಳೆತ್ತಿ ದರ ಕೇಳುತ್ತಿದ್ದ.
ನಾಲ್ಕು ಬುಟ್ಟಿ ಆಚೆ ಕೂತಿದ್ದಳು ಸುಲಭಾ.

ನಮ್ಮವರು ಗೆದ್ದರು.
ಮತದಾರರಿಗೆ ಧನ್ಯವಾದದ ಕರೆ ಹೋಗಬೇಕು,
ದನಿ ಇದೆಯಲ್ಲ? ಅಂತ ಕೇಳಿದರು.
ಇದೆ ಅಂದೆ.
ಈ ಸಲ ಮಾಜಾಳಿಯನ್ನು ಮಾತ್ರ
ತಿದ್ದಿ ಕಳಿಸಿದೆ.