ನೆಕ್ಕಿದ ಪರಸಿ

ಮೊದಲಿನ ನಾಕು ದಿನ ಹೆಮ್ಮಿಪಟ್ಟೆ ನಾನು.
ಇಡೀ ಶಹಾಬಾದದಾಗ ಇಂಥ ನಾಯಿ ಯಾರ ಮನ್ಯಾಗದ?
ಮುಂಜಾನಿ ಕದ ತೆಗದ್ರ ಅಂಗಳದ ಪರಸಿ
ತೊಳದಿಟ್ಟ ಪರಾತದಂಗ.
ಒಂದು ಕಲಿ ಇಲ್ಲ, ವಾಸನಿ ಇಲ್ಲ.

ಐದನೇ ದಿನ ನಸಕಿನ್ಯಾಗ ನೀರು ಬಂದಾವಂತ ಎದ್ದೆ.
ನಳದ ಬುಡಕ್ಕ ಕೊಡ ಇಟ್ಟು ಹೊಳ್ಳಿ ನೋಡ್ತೀನಿ:
ಝುಣಕಾ ತನ್ನ ಹೇಲು ತಾನೇ ತಿನ್ಲತ್ತದ,
ಗಡಬಡಿಸಿ,
ಯಾರೋ ಬರೂದ್ರಾಗ ಮುಗಸಬೇಕು ಅನ್ನೂಹಂಗ.
ಕೊಡ ತುಂಬಿ ಹರದದ್ದು ಗೊತ್ತೇ ಆಗ್ಲಿಲ್ಲ.

ಅವತ್ತು ನಮ್ಮ ಓಣಿ ಪೂರಾ ಡಾಕ್ಟರಾಯ್ತು.
ಗುಂಡಮ್ಮ ಅಂದಳು, ಮ್ಯಾಲ ಖಾರಪುಡಿ ಉದರಸು.
ಉದರಸಿದೆ, ವರ್ಷಕ್ಕಂತ ಕುಟ್ಟಿಸಿದ ಖಾರ.
ಝುಣಕಾ ಸೀನಿತು, ಕಣ್ಣೀರು ತೆಗೀತು, ತಿಂತು.
ಖೈರುನ್ನಿಸಾ ಆಪಾ ಅಂದ್ರು, ಅನ್ನದಾಗ ಅನಾನಸ ಕಲಸು,
ಹೊರಗ ಬರೂವಾಗ ಕಹಿ ಆಗ್ತದಂತ.
ಕಲಬುರಗಿ ತನಕ ಹೋಗಿ ತಂದೆ.
ಮುಕ್ಕಾಲು ಹಣ್ಣು ನನ್ನ ಮಗ ತಿಂದ,
ಉಳದದ್ದು ನಾಯಿ ಮೂಸಿ ಬಿಡ್ತು.
ಖಣಿಯಾಗ ಕಲ್ಲು ಸೀಳೂ ರೇವಪ್ಪ ಮಾತ್ರ
ಬೀಡಿ ಕೆಳಗ ಇಳಸದೇ ಹೇಳಿದ:
ಎರಡು ಬಾರಸು, ತಾನೇ ಬಿಡ್ತದ.

ನಾ ಸುಮ್ಮಕ ಇದ್ದೆ.
ಅದು ಯಾರೂ ನಂಗ ಕಲಸಬೇಕಾದ್ದಲ್ಲ.

ದನದ ದವಾಖಾನ್ಯಾಗ ಕಂಪೌಂಡರ ಮಾಣಿಕಪ್ಪ
ಎಮ್ಮಿಗಿ ಸೂಜಿ ಚುಚ್ಚಲತ್ತಿದ್ದ, ನನ್ನ ಕಡಿ ನೋಡಲಿಲ್ಲ.
ಹುಳದ ಔಷಧ ಕೊಟ್ಟೀರೇನು? ಊಟ ಎಷ್ಟು ಸಲ?
ಒಂದೇನಾ? ಎರಡು ಮಾಡ್ರಿ.
ಹೇತಕೂಡಲೇ ಹೆಸರು ಹಿಡದು ಕರೀರಿ, ಸಿಟ್ಟಿಲೆ ಬ್ಯಾಡ.
ಬಂದ್ರ ಒಂದು ತುಣುಕು ರೊಟ್ಟಿ ಕೊಡ್ರಿ,
ಅದು ರೊಟ್ಟಿ ತಿನ್ನೂದ್ರಾಗ ನೀವು ಅದನ್ನ ತಗದುಬಿಡ್ರಿ.
ಔಷಧ ಅಂದ್ರ ಇದೇ.

ಸೂಜಿ ಒರಸಿದ ಮ್ಯಾಲ ಕೇಳಿದ:
ಮೊದಲು ಯಾವಾಗರ ಹೊಡದೀರೇನ್ರಿ?
ಎಮ್ಮಿ ನನ್ನ ಮಾರಿ ನೋಡಿತು.

ತಂದ ವಾರ. ಒಳಗ, ಪಡಸಾಲ್ಯಾಗ ಹೇತಿತ್ತು.
ಮೂಗು ಹಿಡದು ಅದರಾಗ ತಿಕ್ಕಿದ್ದೆ,
ಕಸಬರಗಿ ಮುರೀತು.

ಹೊಡದ್ರ ಅದಕ ತಿಳಿಯೂದೇ ಬ್ಯಾರೆ, ಅಂದ ಮಾಣಿಕಪ್ಪ.
ಇಲ್ಲಿ ಹೇಲಬಾರದು ಅಂತಲ್ರಿ.
ಹೇಲು ಕಾಣಬಾರದು ಅಂತ.

ನಾ ಅಂಗನವಾಡಿ ಆಯಾ.
ಮೂವತ್ತು ಮಕ್ಕಳ ಕುಂಡಿ ತೊಳೀತೀನಿ, ಒಂದು ದಿನ ಬೈದಿಲ್ಲ.
ನನ್ನ ಗುರುಲಿಂಗ ಏಳು ವರ್ಷದಾಂವ,
ಹಾಸಿಗ್ಯಾಗ ಉಚ್ಚಿ ಹೊಯ್ಯೂದು ಬಿಟ್ಟು
ಮೂರು ತಿಂಗಳಾಯ್ತಂತ ಓಣಿಗೆಲ್ಲ ಹೇಳಿಕೋತ ತಿರಗೀನಿ.
ಮನ್ಯಾಗ ಏನೋ ನಾತ ಬರ್ತಿತ್ತು ಖರೇ.
ನಾಯಿದು ಅಂದಿದ್ದೆ.

ಅವತ್ತು ಮನಿಗಿ ಬಂದು ಟ್ರಂಕು ಸರಸಿದೆ.
ಹಿಂದ ನಾಕು ಚಡ್ಡಿ, ಕೌದಿ ಮ್ಯಾಲಿನ ಒಂದು ಹಚ್ಚಡ,
ಹಸಿದು ಕೆಳಗ, ಒಣಗಿದ್ದು ಮ್ಯಾಲ,
ನಾ ಕಲಸಿದಂಗೇ
ಅಂಚಿಗಿ ಅಂಚು ಕೂಡಿಸಿ ಮಡಚಿದ್ದು.

ತೊಳದೆ. ಬಿಸಿಲಿಗಿ ಹಾಕಿದೆ. ಏನೂ ಅನಲಿಲ್ಲ.
ಸಾಲಿ ಬಿಟ್ಟು ಬಂದಾಂವ ಹಗ್ಗದ ಮ್ಯಾಲಿನ ಚಡ್ಡಿ ಎಣಿಸಿದ,
ದಫ್ತರ ಅಲ್ಲೇ ಒಗದು ಓಡಿ ಹೋದಾಂವ
ಕತ್ತಲಾದ ಮ್ಯಾಲ ಬಂದ.
ಉಣ್ಣು ಅಂದೆ.

ನಾಯಿ ಮಾತಿಗಿ ಬರ್ತೀನಿ.
ಮರದಿನ ನಸಕಿನ್ಯಾಗ ರೊಟ್ಟಿ ಹಿಡದು ಕುಂತೆ.
ಝುಣಕಾ, ಬಾ.
ಅದು ಹೇಲು ನೋಡಿತು, ರೊಟ್ಟಿ ಹಿಡದ ಕೈ ನೋಡಿತು,
ಆಮ್ಯಾಲ ಇನ್ನೊಂದು ಕೈ ನೋಡಿತು.
ಆ ಕೈ ಎಲ್ಲಿ ಇಟ್ಟಕೋಬೇಕಂತ ನಂಗ ತಿಳಿಲಿಲ್ಲ.
ಮೂರು ದಿನ ಬರಲಿಲ್ಲ.
ನಾಕನೇ ದಿನ ಬಂತು, ರೊಟ್ಟಿ ಕಸಗೊಂಡು ಹೊಳ್ಳಿ ಹೋಗಿ
ಅದನ್ನೂ ತಿಂತು, ಹಲ್ಕಟ್.
ಹನ್ನೊಂದನೇ ದಿನ
ಪರಸಿ ನಟ್ಟನಡು ಬಿಸಿಲಾಗ
ಪೂರಾ ಹಂಗೇ ಬಿದ್ದಿತ್ತು,
ಬಾಜೂಕ ಬಾಲ ಬೀಸಿಕೋತ ಅದು ನಿಂತಿತ್ತು.
ಇಂಥದ್ದು ನೋಡಿ ಯಾರರ ಖುಷಿಪಡ್ತಾರೇನು?
ಬೂದಿ ತರಾಕ ಓಡಿದೆ ನಾನು.

ಗುರುಲಿಂಗ ಇನ್ನಾ ಏನೂ ಹೇಳಿಲ್ಲ.
ಟ್ರಂಕಿನ ಹಿಂದ ದಿನಾ ಕೈ ಹಾಕಿ ನೋಡ್ತೀನಿ.
ನಿನ್ನೆ ಒಂದು ಚಡ್ಡಿ ಸಿಕ್ಕಿತು.
ಮಡಚಿದ್ದು ಜರಾ ಸಡ್ಲಿತ್ತು.