ನಾಲ್ಕಕ್ಕೆ ಮೊದಲು ಐದು

ಡೆನ್ವರಿನಿಂದ ರೈಲಲ್ಲಿ ಬಂದ ಏಳು ತಗಡಿನ ಡಬ್ಬಿ.
ಆ ಫೆಬ್ರುವರಿಯ ಹಿಮಕ್ಕೆ ಎಷ್ಟು ತೊಯ್ದಿದ್ದವೆಂದರೆ
ಮೇಲಂಟಿಸಿದ ಚೀಟಿಯೆಲ್ಲ ಕಳಚಿ
ಒಂದರ ಹೆಸರು ಇನ್ನೊಂದರ ಬೆನ್ನಿಗೆ ಹತ್ತಿತ್ತು.
ನನಗಾಗ ಹತ್ತೊಂಬತ್ತು.
ನೆಬ್ರಾಸ್ಕಾದ ಸಕ್ಕರೆಬೀಟಿನ ಊರು, ಇದ್ದದ್ದೊಂದೇ ಟಾಕೀಸು,
ಇನ್ನೂರ ಹತ್ತು ಕುರ್ಚಿ, ಒಂಬತ್ತಕ್ಕೆ ಸ್ಪ್ರಿಂಗಿಲ್ಲ.
ಮೇಲೆ ಪಾರಿವಾಳದ ಗೂಡಿನಂಥ ಕೋಣೆಯಲ್ಲಿ ನಾನು, ಎರಡು ಯಂತ್ರ,
ಇಂಗಾಲದ ಕಡ್ಡಿ ತನ್ನನ್ನೇ ತಿಂದು ಕೊಡುವ ಬೆಳಕು.

ಕಥೆ ಇಷ್ಟೆ: ನ್ಯೂಯಾರ್ಕಿನ ದೊಡ್ಡ ಹೋಟೆಲು.
ಟೆಲಿಫೋನಿನ ಹುಡುಗಿ, ಯಾರೋ ಮರೆತ ತುಪ್ಪಳದ ಕೋಟು ತೊಟ್ಟು
ಲಿಫ್ಟಿನಲ್ಲಿ ಮೇಲೇರಿದಳು, ಕೌಂಟೆಸ್ ಆದಳು.
ಅಪ್ಪನಿಗೆ ಹೆದರಿ ಅಡಗಿದ ಉಕ್ಕಿನ ಸಾಹುಕಾರನ ಮಗ
ಮಾಣಿಯ ಬಿಳಿ ಅಂಗಿ ತೊಟ್ಟು ಕೆಳಗಿಳಿದ.
ನಡುವಿನ ಮಹಡಿಯಲ್ಲಿ, ಸೂಪಿನ ಬಟ್ಟಲ ಆವಿಯಲ್ಲಿ, ಭೇಟಿ.
ಉಳಿದದ್ದು ನಿಮಗೇ ಗೊತ್ತು.

ನಾಲ್ಕನೆಯ ಸುರುಳಿಯಲ್ಲಿ ಅವರು ತಾರಸಿಯ ಮೇಲೆ ಸುಳ್ಳಾಡಬೇಕು.
ಐದರಲ್ಲಿ, ಅಡುಗೆಮನೆಯಲ್ಲಿ,
ಪಿಂಗಾಣಿಯೂ ಗುಟ್ಟೂ ಒಟ್ಟಿಗೇ ಒಡೆಯಬೇಕು.
ಪರದೆಯ ಮೂಲೆಯಲ್ಲಿ ಚುಕ್ಕೆ ಮಿನುಗಿತು, ಯಂತ್ರ ಬದಲಿಸಿದೆ.
ಮೊದಲು ಒಡೆಯಿತು.
ತಾರಸಿ ಆಮೇಲೆ.

ಬೆನ್ನಲ್ಲಿ ಬೆವರು. ಈಗ ಕೂಗುತ್ತಾರೆ, ಈಗ ಕಾಲು ಬಡಿಯುತ್ತಾರೆ,
ಈಗ ಮಾಲೀಕ ಕ್ರಂಪ್ ಏಣಿ ಹತ್ತಿ ಬರುತ್ತಾನೆ.
ಯಾರೂ ಬರಲಿಲ್ಲ.
ಕೆಳಗೆ ನಗು. ಆದರೆ ಬೇರೆ ಥರದ್ದು,
ಉಕ್ಕದೆ ಅಂಚಿಗೆ ಬಂದು ನಿಂತ ಹಾಲಿನಂಥದ್ದು.
"ನಾನು ಬಡವ" ಅನ್ನುತ್ತಾನೆ ಅವನು; ಅವಳಿಗೆ ಗೊತ್ತು.
"ನಮ್ಮ ಕೋಟೆಗೆ ನಲವತ್ತು ಕಿಟಕಿ" ಅನ್ನುತ್ತಾಳೆ; ಅವನಿಗೂ ಗೊತ್ತು.
ಗೊತ್ತಿದ್ದೂ ಬಗ್ಗಿ ಬಡಿಸಿದ.
ಗೊತ್ತಿದ್ದೂ ಅವಳು, ತನ್ನ ವಾರದ ಕೂಲಿಯಲ್ಲಿ ಉಳಿದ ನಾಣ್ಯವನ್ನು
ಭಕ್ಷೀಸೆಂದು ತಟ್ಟೆಯಲ್ಲಿಟ್ಟಳು.
ಹಾಲಿವುಡ್ಡಿನಲ್ಲಿ ಯಾರೂ ಬರೆಯದ ದೃಶ್ಯ,
ತೊಯ್ದ ಗೋಂದು ಬರೆದದ್ದು.

ಮರುದಿನ ಸರಿಯಾಗಿ ಜೋಡಿಸಿ ತೋರಿಸಿದೆ.
ಆಟ ಮುಗಿದ ಮೇಲೆ ಏಣಿ ಹತ್ತಿ ಬಂದವಳು ಪೌಲಿನಾ ಡೀಟ್ಸ್.
ಬೀಟಿನ ಸಾಲುಗಳಲ್ಲಿ ಬಗ್ಗಿ ಬಗ್ಗಿ ಮತ್ತೆ ನೆಟ್ಟಗಾಗದ ಸೊಂಟ,
ವೋಲ್ಗಾ ದಂಡೆಯ ಜರ್ಮನ್ ರಾಗದ ಇಂಗ್ಲಿಷು:
"ನಿನ್ನೆಯದೇ ಸರಿಯಿತ್ತು. ಇವತ್ತು ಕೆಡಿಸಿದೆ ನೋಡು."

ಕಡ್ಡಿ ತಣ್ಣಗಾಗುವವರೆಗೆ ನಿಂತು ಹೇಳಿದಳು.
ಹದಿನೇಳರಲ್ಲಿ, ಸಾರಾತೋವಿನಾಚೆಯ ಹಳ್ಳಿಗೆ, ಅಮೆರಿಕದಿಂದ ಫೋಟೋ ಬಂತು.
ಟೋಪಿ ಹಾಕಿದ ಗಂಡು. ಚೆಲುವ.
ಹಡಗು, ರೈಲು, ಇಪ್ಪತ್ತಾರು ದಿನ.
ಸ್ಟೇಷನ್ನಿನಲ್ಲಿ ನಿಂತವನ ತಲೆಯ ಮೇಲೆ ಅದೇ ಟೋಪಿ,
ಕೆಳಗೆ ಬೇರೆ ಮುಖ.
ಅಣ್ಣನ ಫೋಟೋ ಕಳಿಸಿದ್ದ.
"ಇಳಿದ ಕೂಡಲೇ ಗೊತ್ತಾಯಿತು. ಟೋಪಿ ಅವನದು,
ಹಾಕಿಸಿಕೊಂಡವಳು ನಾನು.
ನನಗೆ ಗೊತ್ತೆಂದು ಮೂವತ್ತು ವರ್ಷವಾದರೂ ಹೇಳಿಲ್ಲ.
ಚಳಿಗೆ ಕಿವಿ ಕೆಂಪಗಾಗಿತ್ತು ಕಣೋ ಅವನಿಗೆ, ಪಾಪ.
ಪೆಟ್ಟಿಗೆ ಕೈಗೆ ಕೊಟ್ಟೆ."

ಕಿಂಡಿಯಿಂದ ಇಣುಕಿದೆ. ದೀಪ ಹಾಕಿದ ಖಾಲಿ ಟಾಕೀಸು.
ಸ್ಪ್ರಿಂಗಿಲ್ಲದ ಕುರ್ಚಿಯೊಂದರಲ್ಲಿ ಮುದುಕ,
ಮಡಿಲಲ್ಲಿ ಅವಳ ಕೋಟು, ಅದರ ಮೇಲೆ ಟೋಪಿ,
ಬರಿಯ ಪರದೆಯನ್ನೇ ನೋಡುತ್ತ ಕೂತಿದ್ದ,
ಇನ್ನೊಂದು ಸುರುಳಿ ಬಾಕಿ ಇದ್ದ ಹಾಗೆ.

ಶನಿವಾರದ ಆಟಕ್ಕೆ ಬೇಕೆಂದೇ ನಾಲ್ಕಕ್ಕೆ ಮೊದಲು ಐದು ಹಾಕಿದೆ.
ಕ್ರಂಪ್ ಸಂಬಳದಲ್ಲಿ ಅರ್ಧ ಡಾಲರ್ ಹಿಡಿದ.