ಹಸಿರು ನೂಲು

ಇಪ್ಪತ್ತಾರು ವರ್ಷ ಹಡಗಿನ ಹೊಟ್ಟೆಯಲ್ಲಿದ್ದವರು ನಮ್ಮವರು,
ಇಂಜಿನು ಕೋಣೆಯ ಆಯ್ಲರ್.
ಕಸಬಾ ಕಡಪ್ಪುರದಲ್ಲಿ ಈಗಲೂ 'ಶಿಪ್ಪಿನ ಅಂಬಾಡಿ',
ಲೋಕ ಸುತ್ತಿದವರೆಂದು ಹೆಸರು.
ಕಂಡದ್ದು ಪೈಪು, ಮೀಟರು, ತಮ್ಮದೇ ಬೆವರು.
ಒಮ್ಮೆ ಬೀಡಿ ಸೇದಲು ಮೇಲೆ ಬಂದಾಗ
ದೂರದಲ್ಲೊಂದು ಹಸಿರು ನೂಲು.
'ದ್ವೀಪ' ಅಂದರಂತೆ ಯಾರೋ. ಅಷ್ಟೇ.

ಆ ನೂಲು ಹಿಡಿದು ಹೋದೆವು ಈ ಜನವರಿಯಲ್ಲಿ
ಮೂರು ವಿಮಾನ, ಒಂದು ದೋಣಿ.
ಇಳಿಯುವ ಮೊದಲೇ ಚಪ್ಪಲಿಯ ತಳ ಉಜ್ಜಿಸಿದರು,
ಪರವೂರಿನ ಬೀಜ ಅಂಟಿ ಬಂದೀತೆಂದು.
ನನ್ನ ಹಲಸಿನ ಹಪ್ಪಳ ತೆಗೆದಿಟ್ಟುಕೊಂಡರು,
ರಸೀದಿ ಕೊಟ್ಟು.

ಗೈಡು ಸೋಲಾಂಜ್, ಬರಿಗಾಲ ಹುಡುಗಿ.
ನೋಡಿ ನಡೆಯಿರಿ, ಹಕ್ಕಿಗಳು ನೆಲದಲ್ಲೇ ಮೊಟ್ಟೆಯಿಡುತ್ತವೆ ಅಂದಳು.
ಹಕ್ಕಿಯೋ, ಕುಳಿತಲ್ಲಿಂದ ಕದಲಲಿಲ್ಲ.
ಮನುಷ್ಯರಿಗೆ ಹೆದರದ ಹಕ್ಕಿಯನ್ನು
ಅರುವತ್ತೊಂದರಲ್ಲಿ ಮೊದಲ ಸಲ ನೋಡಿ
ನನಗೇ ಸ್ವಲ್ಪ ಹೆದರಿಕೆಯಾಯಿತು.

"ಇಲ್ಲಿ ಯಾರೂ ಏನನ್ನೂ ಕೆಡಿಸಿಲ್ಲ.
ಚಿಪ್ಪು, ಹವಳ, ಹಿಡಿ ಮರಳು, ಏನನ್ನೂ ಒಯ್ಯುವಂತಿಲ್ಲ."
ಅವಳು ಹೇಳುತ್ತಿದ್ದಂತೆ ನಮ್ಮವರು ಬಗ್ಗಿ
ಏನನ್ನೋ ಎತ್ತಿ ಕಿಸೆಗಿಟ್ಟದ್ದು
ನಾನೊಬ್ಬಳೇ ಕಂಡೆ.

ಮೂವತ್ತು ವರ್ಷ ಮಕ್ಕಳ ಕಿಸೆ ತಡಕಿದ ಟೀಚರು ನಾನು,
ವಿಮಾನ ನಿಲ್ದಾಣದ ಸಾಲಿನಲ್ಲಿ
ಗಂಡನ ಕಿಸೆಯತ್ತ ನೋಡದೆ ನಿಂತೆ.

ಮನೆಗೆ ಬಂದ ಮೇಲೆ ಮೇಜಿಗಿಟ್ಟರು:
ನೆಲ್ಲಿಕಾಯಿಯಷ್ಟು ಕರಿ ಉಂಡೆ. ಡಾಮರು.
ಗೊತ್ತಿದ್ದದ್ದೇ. ಆಟಿಯ ಕಡಲು
ನಮ್ಮ ಮರಳಿಗೂ ಎಸೆಯುತ್ತದೆ ಇಂಥವನ್ನು.
ಮೀನು ಹೆಕ್ಕುವ ಹೆಂಗಸರು ಅಂಗಾಲಿಗೆ
ಸೀಮೆಎಣ್ಣೆ ತಿಕ್ಕುತ್ತ ಶಾಪ ಹಾಕುತ್ತಾರೆ,
ಯಾರಿಗೆಂದು ತಿಳಿಯದೆ.

ಆ ರಾತ್ರಿ ಕರೆಂಟು ಹೋಗಿತ್ತು. ಕತ್ತಲಲ್ಲಿ ಹೇಳಿದರು:
"ನಡುರಾತ್ರಿ ಚೀಫ್ ಬಂದು ಬೆರಳು ತೋರಿಸುತ್ತಿದ್ದ, ಮಾತಿಲ್ಲ.
ವಾಲ್ವು ತಿರುಗಿಸುವವ ನಾನು.
ಈ ಕೊಳೆಯೆಣ್ಣೆ ಎಲ್ಲಿಗೆ ಹೋಗುತ್ತದೆಂದು
ಕೇಳಿದ್ದೆ ಒಂದು ಸಲ.
ಸಮುದ್ರಕ್ಕೆ, ಅಂದ.
ಸಮುದ್ರ ಎಲ್ಲಿಗೆ ಹೋಗುತ್ತದೆಂದು ಕೇಳಲಿಲ್ಲ."

ಕಿಟಕಿಯ ದಂಡೆಯ ಮೇಲೆ, ಮಧ್ಯಾಹ್ನದ ಬಿಸಿಲಿಗೆ
ಮೆತ್ತಗಾಗುತ್ತದೆ ಉಂಡೆ.
ಮೈಗೆ ಅಂಟಿದೆ ಆ ದ್ವೀಪದ ಮರಳು,
ಉಪ್ಪಿನಷ್ಟು ಬೆಳ್ಳಗೆ, ಹತ್ತೋ ಹನ್ನೆರಡೋ ಕಾಳು.
ಒಯ್ಯಬಾರದು ಅಂದಿದ್ದಳಲ್ಲ, ಎಂದೆ.

"ಮರಳು ಅವಳದು, ಹೌದು.
ಉಂಡೆ ನಮ್ಮದೇ."
ಕನ್ನಡಕ ಏರಿಸಿ ನನ್ನ ಹೊಲಿಗೆ ಸೂಜಿ ಕೇಳಿದರು.
ನಾಲ್ಕು ಕಾಳು ಬಿಡಿಸಿಯಾಗಿದೆ, ಬಿಳಿ ಕಾಗದದ ಮೇಲೆ.
ಹೊರದೇಶದ ಲಕೋಟೆಗೆ ಎಷ್ಟು ಸ್ಟಾಂಪು ಬೇಕೆಂದು
ನಾಳೆ ಅಂಚೆಯಲ್ಲಿ ಕೇಳಬೇಕು.